ಮುಜಂಟಿಯ ಮೊಟ್ಟೆ ಮತ್ತು ಮಧುತ್ಯಾಗ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ ಮಾಂಸಗಳೊಡನೆ ಮಧುವಿನ ತ್ಯಾಗವನ್ನೂ ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದ್ದಾರೆ. ಹೆಜ್ಜೇನಿನ ಹುಟ್ಟನ್ನು ಹಿಂಡಿದಾಗ ಮರಿಗಳು ಸಾಯುವುದು ಕಣ್ಣಿಗೇ ಕಾಣುತ್ತದೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮುರಕಲ್ಲಿನ ಗೋಡೆಗಳಲ್ಲಿಯೂ ಮರದ ಪೊಟರೆಗಳಲ್ಲಿಯೂ ನೆಲೆಸುವ ಮುಜಂಟಿ ಜೇನಿನ ವಿಷಯದಲ್ಲಿ ಒಂದು ವಾದವುಂಟು. ಅದಕ್ಕೆ ಕುಟುಕುವ ಮುಳ್ಳಿಲ್ಲ; ತುಪ್ಪ ಬೇರೆ ಕುಡಿಕೆಗಳಲ್ಲಿ, ಮೊಟ್ಟೆ ಬೇರೆ ಕೋಶಗಳಲ್ಲಿ. ಹಾಗಿರುವಾಗ ಹಿಂಸೆ ಎಲ್ಲಿ ಎಂಬುದು ಆ ವಾದ.

ಉತ್ತರವು ಆ ಕೋಶದೊಳಗೇ ಇದೆ. ಕೆಲಸಗಾರ ನೊಣಗಳು ಮೇಣ ಮತ್ತು ಮರದ ಅಂಟಿನಿಂದ ಪುಟ್ಟ ಕೋಶವನ್ನು ಕಟ್ಟಿ, ಮರಿಗೆ ಜೀವಮಾನಕ್ಕೆ ಬೇಕಾದ ದ್ರವಾಹಾರವನ್ನೆಲ್ಲ ಒಮ್ಮೆಗೇ ತುಂಬುತ್ತವೆ. ರಾಣಿಯು ಅದರ ಮೇಲೆ ಒಂದು ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಇಡುತ್ತದೆ. ಕೂಡಲೆ ಬಾಯಿ ಮುಚ್ಚಲ್ಪಡುತ್ತದೆ. ಒಡೆದು ಬಂದ ಮರಿಹುಳುವಿಗೆ ಕಾಲಿಲ್ಲ, ಕಣ್ಣಿಲ್ಲ. ಮೈಯ ಎರಡೂ ಬದಿಯ ಸೂಕ್ಷ್ಮ ರಂಧ್ರಗಳಿಂದ ಉಸಿರಾಡುತ್ತ ಆ ಆಹಾರದ ಮೇಲೆಯೇ ತೇಲುತ್ತದೆ. ಉಂಡು ಮುಗಿಯುವವರೆಗೆ ಅದರ ಜಠರಕ್ಕೆ ಹೊರದಾರಿಯೂ ತೆರೆದಿರುವುದಿಲ್ಲ. ತನ್ನ ಅನ್ನವನ್ನು ತಾನು ಕೆಡಿಸದಂತೆ ಆದ ಏರ್ಪಾಡು ಅದು. ಬಳಿಕ ನೂಲು ಸುತ್ತಿಕೊಂಡು, ಮೊಟ್ಟೆಯಿಟ್ಟ ಸುಮಾರು ಒಂದೂವರೆ ತಿಂಗಳಿಗೆ ನೊಣವಾಗಿ ಹೊರಬರುತ್ತದೆ.

ಹೀಗಿರುವುದರಿಂದ, ತುಪ್ಪಕ್ಕಾಗಿ ಪೆಟ್ಟಿಗೆಯನ್ನು ಬೋರಲು ಮಾಡಿದರೆ ಸಾಕು, ಒಂದು ಕೋಶವೂ ಒಡೆಯದೆಯೇ ಎಳೆಯ ಮರಿಗಳು ತಮ್ಮ ಆಹಾರದಲ್ಲಿಯೇ ಮುಳುಗಿ ಸಾಯುತ್ತವೆ. ರಕ್ತವಿಲ್ಲ, ಸದ್ದಿಲ್ಲ. ಪ್ರಮಾದವೆಂಬ ಮಾತಿಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಇನ್ನೊಂದು ಸಮಾಧಾನವನ್ನು ಕೆಲವರು ಹುಡುಕಬಹುದು. ತತ್ತ್ವಾರ್ಥಸೂತ್ರವು ಕ್ರಿಮಿಗೆ ಎರಡು, ಇರುವೆಗೆ ಮೂರು, ಭ್ರಮರಕ್ಕೆ ನಾಲ್ಕು ಇಂದ್ರಿಯಗಳನ್ನು ಹೇಳುತ್ತದೆ. ಕಣ್ಣಿಲ್ಲದ ಮರಿಹುಳುವನ್ನು ಕ್ರಿಮಿಯೆಂದೆಣಿಸಿ ದೋಷವನ್ನು ಕಿರಿದು ಮಾಡಿಕೊಳ್ಳಬಹುದೇ? ಇಂದ್ರಿಯಗಳ ಎಣಿಕೆ ಜಾತಿನಾಮಕರ್ಮಕ್ಕೆ ಸೇರಿದುದು, ಆ ದಿನ ಮೈಮೇಲೆ ಕಾಣುವ ಅಂಗಕ್ಕಲ್ಲ. ಹುಳುವಾಗಿದ್ದ ಜೀವವೇ ಕಣ್ಣು ಪಡೆದು ಹಾರುತ್ತದೆ. ಎಣಿಕೆಯನ್ನು ಒಪ್ಪಿದರೂ ಲಾಭವಿಲ್ಲ; ದ್ವೀಂದ್ರಿಯವೂ ತ್ರಸಜೀವವೇ, ಅಹಿಂಸಾಣುವ್ರತವು ಅಲ್ಲಿಂದಲೇ ಆರಂಭವಾಗುತ್ತದೆ.

ಪೆಟ್ಟಿಗೆಯನ್ನು ಅಲುಗಿಸದೆ ಹೊರಗಿನ ಕುಡಿಕೆಯಿಂದಷ್ಟೇ ತೆಗೆಯುವ ಜಾಣ್ಮೆಯೂ ಉಂಟು. ಅದು ಮೇಲಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿಯೇ ಸೋರಿದ ಜೇನಿಗೂ ರಿಯಾಯಿತಿ ಕೊಟ್ಟಿಲ್ಲ. ಅದನ್ನು ಆಶ್ರಯಿಸಿದ ಜೀವಿಗಳ ಘಾತವನ್ನು ಅವರು ಕಾರಣವಾಗಿ ಹೇಳುತ್ತಾರೆ. ಬೆಲೆ ಎಷ್ಟೇ ಇರಲಿ, ಔಷಧವೆಂಬ ಹೆಸರಿರಲಿ, ವ್ರತಿಗೆ ಇದು ಮುಚ್ಚಿದ ಬಾಗಿಲು.

ಜೇನನ್ನು ಮುಟ್ಟದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಹಟ್ಟಿಯಂಗಡಿ, ಬಾರಕೂರುಗಳಂತಹ ಪ್ರಾಚೀನ ಬಸದಿಗಳ ಸೀಮೆಯಲ್ಲಿ ಗೋಡೆಯ ದುರಸ್ತಿ ಆಡಳಿತ ಮಂಡಳಿಗಳಿಗೆ ಸಾಮಾನ್ಯ ಕಾರ್ಯ. ಬಿರುಕಿನಲ್ಲಿ ಮುಜಂಟಿಯ ಅಂಟಿನ ಕೊಳವೆ ಕಂಡರೆ ಹೊಗೆ ಹಾಕಿ ಓಡಿಸುವುದು ದಯೆಯಲ್ಲ. ಮೊಟ್ಟೆಯಿಡುವ ರಾಣಿಗೆ ಹಾರಲು ಬಾರದು. ಮರಿಗಳಿಗೆ ಕದಲಲು ಬಾರದು. ಕಾದರೆ ಗೂಡು ತಾನಾಗಿ ಬರಿದಾಗುವುದೂ ಇಲ್ಲ, ಏಕೆಂದರೆ ರಾಣಿಯು ಮೊಟ್ಟೆಯಿಡುತ್ತಲೇ ಇರುತ್ತದೆ. ಆ ಕಲ್ಲನ್ನು ಬಿಟ್ಟು ಉಳಿದುದನ್ನು ಕಟ್ಟಿಸಬಹುದು. ಬಿಡಲಾಗದಿದ್ದಲ್ಲಿ, ಬಲ್ಲವರನ್ನು ಕರೆಸಿ, ಮೊಟ್ಟೆಗೂಡನ್ನು ಮೇಲುಕೆಳಗಾಗದಂತೆ ರಾಣಿಯೊಡನೆ ಪೆಟ್ಟಿಗೆಗೆ ಇಳಿಸಿ, ಹಳೆಯ ಬಾಯಿಯ ಬಳಿಯಲ್ಲಿಯೇ ಇರಿಸಬೇಕು.