ಮೋಟಾರಿನ ಅಲಂಕಾರದಲ್ಲಿ ಸತ್ಯಾಸತ್ಯ

ಕಾರಹುಣ್ಣಿಮೆ ಕಳೆದ ಮೇಲೆ ವಿಜಯಪುರ ಜಿಲ್ಲೆಯ ಕಾಖಂಡಕಿಯಲ್ಲಿ ಕರಿ ಹರಿಯುವ ಹಬ್ಬವು ಜರುಗುವದು. ಮಹಿಪತಿದಾಸರ ಹೆಸರಿನಿಂದ ಹರಿದಾಸ ಸಾಹಿತ್ಯದಲ್ಲಿ ಸ್ಥಾನ ಪಡೆದ ಈ ಊರು ಆ ಒಂದು ದಿನ ಎತ್ತು ಹೋರಿಗಳ ಸ್ವಾಧೀನವಾಗುತ್ತದೆ. ಕೊಂಬುಗಳನ್ನು ಹೆರೆದು ನುಣುಪು ಮಾಡಿ ಬಣ್ಣ ಬಳಿಯುವರು. ತುದಿಗೆ ಹಿತ್ತಾಳೆಯ ಕೊಡಣಸು, ಕೊರಳಿಗೆ ಗೆಜ್ಜೆಯ ಸರ, ಬೆನ್ನಿಗೆ ಝೂಲು. ಓಣಿಯ ಎರಡೂ ಬದಿಗೂ ಮಾಳಿಗೆಗಳ ಮೇಲೂ ಜನರು ಕಿಕ್ಕಿರಿದು ನಿಂತಿರುವಾಗ ಹೋರಿಗಳು ನುಗ್ಗಿ ಬರುವವು. ಅವುಗಳ ಶೃಂಗಾರವನ್ನು ಕಂಡು ಇದು ಸುಳ್ಳೆಂದು ಆಡಿದವನು ಇದುವರೆಗೆ ಯಾವನೂ ಇಲ್ಲ.

ಊರ ಹೊರಗೆ ಅಂದು ಇನ್ನೊಂದು ಸಾಲು ನಿಂತಿರುತ್ತದೆ. ಸುತ್ತಲಿನ ಹಳ್ಳಿಗಳಿಂದಲೂ ವಿಜಯಪುರದಿಂದಲೂ ಹಬ್ಬ ನೋಡಲು ಬಂದವರ ಕಾರುಗಳು ಅವು. ಇವುಗಳಿಗೂ ಅಲಂಕಾರವು ಕಡಿಮೆಯಿಲ್ಲ. ಆದರೆ ಸ್ವಲ್ಪ ಬಗ್ಗಿ ನೋಡಿದವನಿಗೆ ಇವುಗಳ ಅಲಂಕಾರದ ಜಾತಿಯೇ ಬೇರೆಯೆಂದು ತಿಳಿದುಬರುವದು. ಒಂದರ ಬಂಪರಿನ ಮೂಲೆಗಳಲ್ಲಿ ಗಾಳಿ ಹೋಗಲೆಂಬಂತೆ ಜೇನುಹುಟ್ಟಿನ ಆಕಾರದ ಕಿಂಡಿಗಳಿವೆ; ಬೆರಳಿಟ್ಟರೆ ಅದು ಒಳಗೆ ಹೋಗದೆ ಕರಿಯ ಪ್ಲಾಸ್ಟಿಕ್ಕಿಗೆ ತಾಗಿ ನಿಲ್ಲುವದು. ಇನ್ನೊಂದರ ಹಿಂಬದಿಯಲ್ಲಿ ಸೈಲೆನ್ಸರಿನ ಎರಡು ಬಾಯಿಗಳು ಹೊಳೆಯುತ್ತಿವೆ. ಆ ಬಾಯಿಗಳಿಗೆ ಗಂಟಲಿಲ್ಲ. ನಿಜವಾದ ಕೊಳವೆಯು ನಾಚಿಕೊಂಡಂತೆ ಗಾಡಿಯ ಅಡಿಯಲ್ಲಿ ನೆಲದ ಕಡೆಗೆ ಬಾಗಿ ಹೊಗೆಯುಗುಳುತ್ತಿದೆ. ಮತ್ತೊಂದರಲ್ಲಿ ಹಿಂದಿನ ಕಿಟಕಿಯು ಉದ್ದವಾಗಿ ಕಾಣಲೆಂದು ಗಾಜಿನ ಕೊನೆಗೆ ಗಾಜಿನಂತೆಯೇ ಮಿರುಗುವ ಕರಿಯ ಹಲಗೆಯೊಂದನ್ನು ಕೂಡಿಸಿದ್ದಾರೆ. ಒಳಗೆ ಕುಳಿತ ಹುಡುಗನು ಅದರ ಮೂಲಕ ಹೊರಗೆ ನೋಡಲಾರನು.

ಕೊಡಣಸಿನಿಂದ ಎತ್ತು ಹೆಚ್ಚು ಭಾರವನ್ನೇನೂ ಎಳೆಯುವದಿಲ್ಲ. ಹುಸಿ ಕಿಂಡಿಯಿಂದ ಕಾರು ಹೆಚ್ಚು ವೇಗವಾಗಿ ಓಡುವದಿಲ್ಲ. ಎರಡೂ ನಿರುಪಯೋಗವೇ ಆಗಿದ್ದಲ್ಲಿ ಒಂದನ್ನು ಕಂಡು ಮನಸ್ಸು ಹಿಗ್ಗುವದೂ ಇನ್ನೊಂದನ್ನು ಕಂಡು ಎಲ್ಲಿಯೋ ಮುಜುಗರಪಡುವದೂ ಏಕೆ? ಪ್ರಶ್ನೆಯು ಕ್ಷುಲ್ಲಕವೆಂದು ತೋರಬಹುದು. ಆದರೆ ಕಾರು ಈಗ ಶ್ರೀಮಂತರ ವಿಲಾಸವಾಗಿ ಉಳಿದಿಲ್ಲ. ಹತ್ತಿ ತೊಗರಿಯ ಫಸಲು ಮಾರಿ, ಸಾಲ ತೆಗೆದು ಕೊಳ್ಳುವ ವಸ್ತುವಾಗಿದೆ. ಅದರ ಮೈಮೇಲಿನ ಪ್ರತಿಯೊಂದು ತುಣುಕಿಗೂ ಒಬ್ಬನು ಬೆಲೆ ತೆರುತ್ತಾನೆ.

ಜಾನ್ ರಸ್ಕಿನ್ನನು 1849ರಲ್ಲಿ ಪ್ರಕಟಿಸಿದ ‘ವಾಸ್ತುಶಿಲ್ಪದ ಏಳು ದೀಪಗಳು’ ಎಂಬ ಗ್ರಂಥದಲ್ಲಿ ಸತ್ಯಕ್ಕೆಂದೇ ಒಂದು ದೀಪವನ್ನು ಮೀಸಲಿಟ್ಟಿದ್ದನು. ಭಾರವನ್ನು ಹೊರದ ಕಂಬವು ಹೊತ್ತಂತೆ ನಟಿಸುವದೂ, ಕಟ್ಟಿಗೆಗೆ ಅಮೃತಶಿಲೆಯ ಬಣ್ಣ ಬಳಿಯುವದೂ ಆತನ ಎಣಿಕೆಯಲ್ಲಿ ವಂಚನೆಗಳು. ಆದರೆ ಕಟ್ಟಡಕ್ಕೆ ಬಳಿದ ಚಿನ್ನದ ಮುಲಾಮನ್ನು ಅವನು ವಂಚನೆಯೆಂದು ಎಣಿಸಲಿಲ್ಲ. ಗೋಡೆಯು ಗಟ್ಟಿ ಬಂಗಾರದ್ದೆಂದು ಯಾರೂ ತಿಳಿಯುವದಿಲ್ಲವಷ್ಟೆ. ಅದೇ ಮುಲಾಮು ಒಡವೆಯ ಮೇಲಿದ್ದರೆ ಮಾತ್ರ ಮೋಸ. ಅಂದರೆ ಸುಳ್ಳು ಎಂಬುದು ವಸ್ತುವಿನಲ್ಲಿಲ್ಲ. ನೋಡುವವನು ಅದನ್ನು ಏನೆಂದು ತಿಳಿಯಲಿ ಎಂದು ಮಾಡಿದವನು ಬಯಸಿದನೋ ಆ ಬಯಕೆಯಲ್ಲಿದೆ.

ಈ ಮಾತನ್ನೇ ಹಿಡಿದು ಕಾರು ಮಾರುವವನು ವಾದಿಸಬಹುದು: ಹುಸಿ ಕಿಂಡಿಯು ಹುಸಿಯೆಂಬುದು ಈಗ ಎಲ್ಲರಿಗೂ ಗೊತ್ತು, ಯಾರೂ ಮೋಸಹೋಗದಿದ್ದ ಮೇಲೆ ಮೋಸವೆಲ್ಲಿ? ವಾದವು ಚತುರವಾದದ್ದೇ. ಆದರೆ ಮುಲಾಮು ಬರಿಯ ಮುಲಾಮೆಂದು ತಿಳಿದ ಮೇಲೂ ಹೊಳೆಯುವದು, ಮಬ್ಬುಗತ್ತಲೆಯಲ್ಲಿ ದೀಪದ ಬೆಳಕನ್ನು ಹಿಡಿದು ತೋರುವದು. ಕೊಡಣಸು ಕೊಡಣಸೆಂದು ತಿಳಿದ ಮೇಲೂ ಬಿಸಿಲಿಗೆ ಮಿಂಚುವದು. ಹುಸಿ ಕಿಂಡಿಯು ಹುಸಿಯೆಂದು ತಿಳಿದ ಮೇಲೆ ಉಳಿಯುವದೇನು? ಒಳಗೆ ಬಿಸಿಯಾಗುವ ದೊಡ್ಡ ಇಂಜಿನಿದೆ, ಅದಕ್ಕೆ ಇಷ್ಟೊಂದು ಗಾಳಿ ಬೇಕು, ಎಂಬ ಭ್ರಮೆಯಿಂದಲೇ ಅದಕ್ಕೆ ಅಂದ. ಭ್ರಮೆಯು ಹರಿದೊಡನೆ ಅಂದವೂ ಹರಿಯಿತು. ಯಾರೂ ಮೋಸಹೋಗುವದಿಲ್ಲವೆಂದು ಹೇಳಿ ಅದನ್ನು ಸಮರ್ಥಿಸಹೊರಟವನು ಅದು ವ್ಯರ್ಥವೆಂದು ತಾನೇ ಒಪ್ಪಿಕೊಂಡಂತಾಯಿತು.

ಯಂತ್ರಕ್ಕೆ ಅಲಂಕಾರವೇ ಸಲ್ಲದೆಂದು ಇದರ ಅರ್ಥವಲ್ಲ. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದ ವಾಚಕರು ಈ ಜಿಲ್ಲೆಯಲ್ಲಿ ಕಡಿಮೆ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, ಸುಮಾರು 55 ಟನ್ನು ತೂಕದ ಆ ತೋಪಿನ ಬಾಯನ್ನು ಸಿಂಹದ ತೆರೆದ ಬಾಯಂತೆ ಕಡೆದಿದ್ದಾರೆ. ಕೋರೆಗಳ ನಡುವೆ ಆನೆಯು ಸಿಕ್ಕು ನುಗ್ಗಾಗುತ್ತಿದೆ. ಗುಂಡು ಹಾರುವದಕ್ಕೆ ಸಿಂಹದ ಅಗತ್ಯವೇನೂ ಇರಲಿಲ್ಲ. ಆದರೆ ತೋಪು ಮಾಡುವ ಕೆಲಸವನ್ನೇ ಸಿಂಹವೂ ಹೇಳುತ್ತದೆ. ನಿಜವಾದ ಬಾಯಿಯ ಸುತ್ತಲೇ ಆ ಬಾಯಿಯನ್ನು ಬರೆದಿದ್ದಾರೆ. ಅದೇ ಶಿಲ್ಪಿಯು ತೋಪಿನ ಮಗ್ಗುಲಿಗೆ ಗುಂಡು ಹಾರದ ಇನ್ನೆರಡು ಬಾಯಿಗಳನ್ನು ಮೂಡಿಸಿದ್ದರೆ ನೋಡಿದವರು ನಗುತ್ತಿದ್ದರು, ಶತ್ರುಗಳಂತೂ ಮೊದಲೇ.

ಮೋಟಾರಿನಲ್ಲಿ ಈ ಚಾಳಿಯು ಹೊಸದಲ್ಲ. ಅಮೇರಿಕೆಯ ಕ್ಯಾಡಿಲ್ಯಾಕ್ ಕಾರಿಗೆ 1948ರಲ್ಲಿ ಯುದ್ಧವಿಮಾನವೊಂದರ ಬಾಲವನ್ನು ನೋಡಿ ಸಣ್ಣ ರೆಕ್ಕೆಗಳನ್ನು ಮೂಡಿಸಿದರು; 1959ರ ಹೊತ್ತಿಗೆ ಅವು ನಗೆಗೀಡಾಗುವಷ್ಟು ಎತ್ತರ ಬೆಳೆದವು. ಅದರ ಮರಿಯಲೆಯೊಂದು ಮುಂಬಯಿಯಲ್ಲಿ ತಯಾರಾಗಿ ಮುಂದೆ ಪದ್ಮಿನಿಯೆಂದು ಹೆಸರಾದ ಫಿಯಾಟಿನ ಹಿಂಭಾಗದ ಮೂಲೆಗಳಲ್ಲಿಯೂ ಉಳಿದಿತ್ತು. ಕಟ್ಟಿಗೆಯಿಂದ ಮೈ ಕಟ್ಟುತ್ತಿದ್ದ ಗಾಡಿಗಳು ಉಕ್ಕಿಗೆ ಬಂದ ಮೇಲೆಯೂ 1950ರ ದಶಕದಲ್ಲಿ ಉಕ್ಕಿನ ಮೇಲೆ ಕಟ್ಟಿಗೆಯ ಎಳೆಗಳ ಚಿತ್ರವನ್ನು ಅಂಟಿಸಿಕೊಂಡು ತಿರುಗಿದವು. ಇಂದಿನ ವಿದ್ಯುತ್ ಕಾರುಗಳಲ್ಲಿ ಕೆಲವು ಮುಂಬದಿಯಲ್ಲಿ ಗ್ರಿಲ್ಲಿನ ಆಕಾರವನ್ನು ಮುಚ್ಚಿದ ಹಲಗೆಯ ಮೇಲೆ ಬರೆದುಕೊಂಡಿರುವದೂ ಇದೇ ತೆರನಾದದ್ದು. ಇಂಥವುಗಳ ಮೇಲೆ ಹೆಚ್ಚು ಸಿಟ್ಟಾಗಬೇಕಾದದ್ದಿಲ್ಲ. ರುಮಾಲು ಸುತ್ತುವದನ್ನು ಬಿಟ್ಟ ಮುದುಕನ ಕೈ ತಲೆಯ ಕಡೆಗೆ ತಾನಾಗಿ ಹೋಗುವಂತೆ, ಇದು ರೂಢಿಯ ನೆನಪು. ಕೆಲವು ವರ್ಷಗಳಲ್ಲಿ ಅಳಿಯುವದು.

ವಿಕಾರಗಳೆಲ್ಲವೂ ಸುಳ್ಳಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. 2006ರಲ್ಲಿ ಭಾರತ ಸರಕಾರವು 4 ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲಿನದಾದರೆ 1500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನು ಪ್ರತಿಶತ 24ರಿಂದ 16ಕ್ಕೆ ಇಳಿಸಿತು. ಡಿಕ್ಕಿಯುಳ್ಳ ಕಾರು ಬೇಕೆಂಬುದು ಜನರ ಆಸೆ. ಆ ಆಸೆಯು 4 ಮೀಟರಿನೊಳಗೆ ಹಿಡಿಯಬೇಕೆಂಬುದು ಲೆಕ್ಕಪತ್ರದ ಆಜ್ಞೆ. 2008ರಲ್ಲಿ ಇಂಡಿಗೊ ಸಿಎಸ್ ಎಂಬ ಕಾರು ಮೊದಲು ಬಾಲ ಕತ್ತರಿಸಿಕೊಂಡು ಬಂದಿತು. ಅದೇ ವರ್ಷ 4160 ಮಿಲಿಮೀಟರಿನದಾಗಿ ಹುಟ್ಟಿದ ಸ್ವಿಫ್ಟ್ ಡಿಜೈರ್ 2012ರಲ್ಲಿ 3995 ಮಿಲಿಮೀಟರಿನದಾಗಿ ಮರುಹುಟ್ಟು ಪಡೆಯಿತು. ಬೆನ್ನು ಇಳಿದುಬಂದು ಇನ್ನೇನು ಚಾಚಬೇಕೆನ್ನುವಲ್ಲಿ ಗೋಡೆಗೆ ತಾಗಿದಂತೆ ನಿಂತುಹೋದ ಆ ಡಿಕ್ಕಿಯನ್ನು ಸುಂದರವೆನ್ನುವದು ಕಷ್ಟ. ಆದರೆ ಅದು ಯಾವದನ್ನೂ ಮರೆಮಾಚುವದಿಲ್ಲ. ತಾನು ಏಕೆ ಹೀಗಿರುವೆನೆಂಬುದನ್ನು ಬಲ್ಲವರಿಗೆ ಅದು ನೇರವಾಗಿ ಹೇಳುತ್ತದೆ. ಒಳಗೆ ಹಬ್ಬಕ್ಕೆ ಹೋಗುವವರ ಗಂಟುಗಳು ನಿಜವಾಗಿಯೇ ಹಿಡಿಯುತ್ತವೆ. 2025ರ ಸಪ್ಟೆಂಬರ 22ರಿಂದ ಇಂಥ ಸಣ್ಣ ಕಾರುಗಳಿಗೆ ಪ್ರತಿಶತ 18, ಅದಕ್ಕೂ ದೊಡ್ಡವಕ್ಕೆ 40 ತೆರಿಗೆಯೆಂದು ಗೊತ್ತಾಗಿರುವದರಿಂದ ಈ ಮೊಂಡ ಬಾಲಕ್ಕೆ ಇನ್ನೂ ಆಯುಷ್ಯವಿದೆ. ಬಿಡದಿಯಲ್ಲಿ ತಯಾರಾಗಿ 2010ರ ಕೊನೆಗೆ ಪೇಟೆಗೆ ಬಂದ ಇಟಿಯಾಸಿನಲ್ಲಿ ವೇಗದ ಮೀಟರನ್ನು ಚಾಲಕನ ಎದುರಿಗಿಡದೆ ಡ್ಯಾಶ್‌ಬೋರ್ಡಿನ ನಡುವೆ ಇಟ್ಟಿದ್ದರು. ಅದೂ ವಿಚಿತ್ರವೇ, ಆದರೂ ಅದು ನಿಜವಾದ ಮೀಟರು, ಸ್ಥಳ ಮಾತ್ರ ತಪ್ಪಿದೆ. ಹಾಗೆಯೇ 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಕಂಡು ನಕ್ಕವರು ಬಹಳ. ಅದರ ಗುಬ್ಬಿಮೈಯೂ ಪ್ಲಾಸ್ಟಿಕ್ಕಿನ ಹೊದಿಕೆಯೂ ಸೀಸದ ಬ್ಯಾಟರಿಯ ಭಾರವನ್ನು ಹೊತ್ತು ನಡೆಯಬೇಕಾದವನ ಮಿತವ್ಯಯವೆಂಬುದನ್ನು ಯೋಚಿಸಿದವರು ಕಡಿಮೆ.

ಸತ್ಯದ ಪಕ್ಷಕ್ಕೆ ನಿಜವಾದ ತೊಡಕು ಬರುವದು ನ್ಯಾನೊ ಕಾರಿನಲ್ಲಿ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೊರಟ ಸಂಸಾರವನ್ನು ಕಂಡು ರತನ್ ಟಾಟಾ ಅವರಿಗೆ ಹೊಳೆದ ಈ ಕಾರು 2009ರಲ್ಲಿ, ಒಂದು ಲಕ್ಷ ರೂಪಾಯಿಯ ಕಾರೆಂಬ ಹೆಸರು ಹೊತ್ತು, ಮಾರಾಟಕ್ಕೆ ಬಂದಿತು. ಗಾಲಿಗೆ ಮೂರೇ ನಟ್ಟು. ಗಾಜಿಗೆ ಒಂದೇ ವೈಪರ್. ಹಿಂದೆ ಬಾಗಿಲಿನಂತೆ ಕಾಣುವದು ಬಾಗಿಲಲ್ಲ; ಸಾಮಾನು ಇಡಬೇಕಾದರೆ ಒಳಗಿನಿಂದ ಹಿಂದಿನ ಸೀಟನ್ನು ಮಡಿಸಬೇಕು. ತೆರೆಯುವ ಹಿಂಬಾಗಿಲು ಬಂದದ್ದು 2015ರಲ್ಲಿ. ಇಲ್ಲಿ ಗಾಳಿಯ ಹುಸಿ ಕಿಂಡಿ ಇರಲಿಲ್ಲ, ಕಟ್ಟಿಗೆಯ ಸೋಗಿರಲಿಲ್ಲ. ಎಲ್ಲಿ ದುಡ್ಡು ಉಳಿಸಿದ್ದೇವೆಂಬುದನ್ನು ಅದು ನಡುಬೀದಿಯಲ್ಲಿ ನಿಂತು ಹೇಳಿತು. ಅದನ್ನೇ ಜನ ಸಹಿಸಲಿಲ್ಲ. 2018ಕ್ಕೆ ಅದರ ತಯಾರಿಕೆ ಮುಗಿಯಿತು. ಅತ್ಯಂತ ಅಗ್ಗದ ಕಾರೆಂದು ಅದನ್ನು ಸಾರಿದ್ದೇ ತಪ್ಪಾಯಿತೆಂದು ರತನ್ ಟಾಟಾ ಅವರೇ ಆ ಮೇಲೆ ಹೇಳಿದರು.

ಕೊಳ್ಳುವವನನ್ನು ಡಾಂಭಿಕನೆಂದು ಹಳಿಯುವದು ಸುಲಭ. ಹರಿದಾಸರ ನಾಡಿನಲ್ಲಿ ಡಂಭವನ್ನು ಹಳಿಯುವದಕ್ಕೆ ಶಬ್ದಗಳ ಬರವಿಲ್ಲ. ಆದರೆ ಮಗಳ ಬೀಗರ ಮನೆಯ ಮುಂದೆ ಗಾಡಿಯಿಂದ ಇಳಿಯಬೇಕಾದ ರೈತನು, ತನ್ನ ಕೈಯಲ್ಲಿ ಎಷ್ಟು ದುಡ್ಡಿದೆಯೆಂಬುದು ಗಾಡಿಯ ಮುಖದ ಮೇಲೆಯೇ ಬರೆದಿರಬಾರದೆಂದು ಬಯಸಿದರೆ ಅದು ಅಪರಾಧವೇ? ಹರಿದ ಅಂಗಿಯ ಮೇಲೆ ಶಾಲು ಹೊದ್ದವನು ಸುಳ್ಳುಗಾರನೆನಿಸುವದಿಲ್ಲ. ಶಾಲು ಹರಕನ್ನು ಮುಚ್ಚುವದು, ಅಷ್ಟೇ. ಒಳಗೆ ರೇಷ್ಮೆಯಿದೆಯೆಂದು ಅದು ಹೇಳುವದಿಲ್ಲ. ಅಂಥ ಶಾಲನ್ನು ನ್ಯಾನೊಗೆ ಹೊದಿಸದೆ ಅದರ ಅಗ್ಗವನ್ನೇ ಡಂಗುರ ಹೊಡೆದವರು ಕೊಳ್ಳುವವನ ಮಾನವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಸಿ ಸೈಲೆನ್ಸರನ್ನು ಕೂಡಿಸಿದವರೂ ಅವನ ಮಾನವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವನ ಅಳುಕನ್ನು ಮಾತ್ರ ಹಿಡಿದಿದ್ದಾರೆ. ಇವೆರಡರ ನಡುವೆ, ಬಡವನ ವಸ್ತುವು ಸುಳ್ಳಾಡದೆಯೂ ಮರ್ಯಾದೆಯಿಂದಿರುವ ಒಂದು ದಾರಿಯಿದೆ. ಹಳೆಯ ಚಕ್ಕಡಿಗಳನ್ನು ಮಾಡಿದ ಬಡಿಗರಿಗೆ ಅದು ತಿಳಿದಿತ್ತು. ನೊಗದ ಮೇಲೆ ಅವರು ಹೂವು ಕೆತ್ತಿದರು. ನೊಗವು ಮಾತ್ರ ನೊಗವೇ ಆಗಿತ್ತು.

ಎತ್ತಿನ ಪೇಟೆಯಲ್ಲಿ ಈ ವಿವೇಕವು ಇಂದಿಗೂ ಜೀವಂತವಾಗಿದೆ. ಸಂಕ್ರಾಂತಿಯ ಕಾಲಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಬಂದ ಒಕ್ಕಲಿಗನು ಖಿಲಾರಿ ಹೋರಿಯ ಝೂಲನ್ನು ಮೆಚ್ಚಿಕೊಳ್ಳುವನು, ಗೆಜ್ಜೆಯ ಸದ್ದಿಗೆ ಕಿವಿಗೊಡುವನು, ಆ ಮೇಲೆ ಬಾಯಿ ಬಿಡಿಸಿ ಹಲ್ಲು ಎಣಿಸುವನು. ಹಲ್ಲು ವಯಸ್ಸನ್ನು ಹೇಳುವದು. ಝೂಲು ಹೊದಿಸಿದವನ ಮೇಲೆ ಅವನಿಗೆ ಸಿಟ್ಟಿಲ್ಲ. ಹಲ್ಲನ್ನು ರಾವಿದವನು ಸಿಕ್ಕರೆ ಪೇಟೆಯಲ್ಲಿ ಜಗಳವಾಗುವದು.

ಹುಸಿ ಕಿಂಡಿಯಿಂದ ಕೊಂಡವನ ದುಡ್ಡು ಹೋಯಿತು, ಅಷ್ಟರಿಂದ ಮುಗಿಯಿತೆನ್ನಬಹುದು. ಅಲಂಕಾರದ ಬೆಲೆಯನ್ನು ಬೇರೊಬ್ಬರು ತೆರಬೇಕಾದಾಗ ಹಾಗೆನ್ನಲು ಬಾರದು. 2019ರಲ್ಲಿ ಬಂದ ಹ್ಯಾರಿಯರ್, ಹೆಕ್ಟರ್ ಮೊದಲಾದವುಗಳಲ್ಲಿ ಕಣ್ಣಿರಬೇಕಾದಲ್ಲಿ ಹುಬ್ಬಿನಂತಹ ಸಣ್ಣ ದೀಪದ ಗೆರೆಯಿದೆ. ನಿಜವಾದ ದೊಡ್ಡ ದೀಪಗಳು ಕೆಳಗೆ ಬಂಪರಿಗೆ ಇಳಿದಿವೆ. ಸಣ್ಣದೊಂದು ಡಿಕ್ಕಿಗೂ ಮೊದಲು ಪೆಟ್ಟು ತಿನ್ನುವ ಸ್ಥಳ ಅದು. ಇದಕ್ಕಿಂತಲೂ ವಿಚಾರಾರ್ಹವಾದದ್ದು ಹಿಂದಿನ ಬಾಗಿಲಿನ ಹಿಡಿ. ನಾಲ್ಕು ಬಾಗಿಲಿನ ಕಾರು ಎರಡು ಬಾಗಿಲಿನ ಓಟದ ಕಾರಿನಂತೆ ಕಾಣಲೆಂದು ಇಟಲಿಯ ಆಲ್ಫಾ ರೋಮಿಯೋದವರು 1997ರಲ್ಲಿ ಹಿಂದಿನ ಹಿಡಿಯನ್ನು ಕಿಟಕಿಯ ಮೂಲೆಯಲ್ಲಿ ಅಡಗಿಸಿದ್ದರು. ಭಾರತದಲ್ಲಿ 2010ರ ಬೀಟ್, 2016ರ ಕೆಯುವಿ 100, 2018ರ ಸ್ವಿಫ್ಟ್ ಅದೇ ಹಾದಿ ಹಿಡಿದವು. ಕಿಟಕಿಯ ಗಾಜಿನ ಕೊನೆಗೆ, ಕರಿಯ ಬಣ್ಣದಲ್ಲಿ ಕರಗಿ, ಮೇಲ್ಗಡೆ ಕುಳಿತ ಆ ಹಿಡಿಯು ಓಡಿಸುವವನ ಕೈಗೆ ಎಂದೂ ಬರುವದಿಲ್ಲ. ಅವನು ಮುಂದಿನ ಬಾಗಿಲಿನವನು. ಹಿಂದೆ ಕೂಡುವವರು ಎಟುಕದ ಮಕ್ಕಳು, ಭುಜ ಎತ್ತಲಾರದ ಹಿರಿಯರು, ಕಾರು ಕೊಳ್ಳುವಾಗ ಯಾರೂ ಕೇಳದೆ ಬಿಟ್ಟವರು. 2024ರಲ್ಲಿ ಸ್ವಿಫ್ಟಿನ ಹೊಸ ಪೀಳಿಗೆಯು ಹೊರಬಂದಾಗ ಹಿಡಿಯು ಬಾಗಿಲಿನ ಮೇಲೆ ಮೊದಲಿನ ಸ್ಥಳಕ್ಕೇ ಮರಳಿತ್ತು.

ಆದರೆ ನಡುವಿನ ಆರು ವರ್ಷಗಳಲ್ಲಿ ಮಾರಿದ ಗಾಡಿಗಳು ಇನ್ನೂ ರಸ್ತೆಯ ಮೇಲಿವೆ. ಕಾಖಂಡಕಿಯ ಕರಿಗೂ ಅವು ಬರುತ್ತವೆ. ಹಬ್ಬ ಮುಗಿದು ಧೂಳಡಗುವ ಹೊತ್ತಿಗೆ ಅಂಥದೊಂದು ಗಾಡಿಯ ಹಿಂಬಾಗಿಲಿನ ಮುಂದೆ ಮುದುಕಿಯೊಬ್ಬಳು ಬಂದು ನಿಲ್ಲುವಳು. ಹಿಡಿ ಇರಬೇಕಾದಲ್ಲಿ ಅವಳ ಅಂಗೈ ಬರಿಯ ತಗಡನ್ನು ಸವರುವದು, ಮತ್ತೊಮ್ಮೆ ಸವರುವದು. ಅವಳು ಸೆರಗು ಸರಿಪಡಿಸಿಕೊಂಡು, ಮೊಮ್ಮಗನು ಆ ಕಡೆಯಿಂದ ಸುತ್ತಿ ಬರುವ ತನಕ ಅಲ್ಲಿಯೇ ಕಾಯುವಳು.