ಆ ಕಣ್ಣೀರು ಯಾರದು?

1934ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಬಂದ ಹಳೆಯ ಹಸ್ತಪ್ರತಿಯನ್ನು ಅಮೆರಿಕದ ವಿದುಷಿ ಹೋಪ್ ಎಮಿಲಿ ಆಲನ್ ನೋಡಿದ್ದೇ ತಡ, ಗುರುತು ಹಿಡಿದರು: ಅದು 15ನೆಯ ಶತಮಾನದ ಮಾರ್ಜರಿ ಕೆಂಪ್ ಹೇಳಿ ಬರೆಸಿದ ಆತ್ಮಕಥನ. ಅದುವರೆಗೆ ಉಳಿದಿದ್ದು ಕೆಲವೇ ಪುಟಗಳ ಮುದ್ರಿತ ಆಯ್ದ ಭಾಗ. ಅಲ್ಲಿ ಮಾರ್ಜರಿ ಶಾಂತ ಭಕ್ತೆ. ಪೂರ್ಣ ಪ್ರತಿಯಲ್ಲಿ ಕಂಡವಳು ಹದಿನಾಲ್ಕು ಮಕ್ಕಳ ತಾಯಿ. ಕ್ರಿಸ್ತನ ಯಾತನೆ ನೆನೆದು ಚರ್ಚಿನಲ್ಲಿ ಗೋಳೋ ಎಂದು ಅಳುತ್ತಿದ್ದಳು. ಪಾದ್ರಿಯೊಬ್ಬ ತನ್ನ ಪ್ರವಚನಕ್ಕೇ ಅವಳನ್ನು ಸೇರಿಸಲಿಲ್ಲ.

ಅದು ದೈವಕೃಪೆಯೋ, ಮನೋವ್ಯಾಧಿಯೋ?

ಅದು ದೈವಕೃಪೆಯೇ ಎಂಬ ಅನುಮಾನ ಮಾರ್ಜರಿಗೂ ಇತ್ತು. ನಾರ್ವಿಚ್‌ನ ಏಕಾಂತವಾಸಿನಿ ಜೂಲಿಯನ್‌ಳನ್ನೇ ಕೇಳಿದಳು. ಭಕ್ತಿಯ ಕಣ್ಣೀರು ಪವಿತ್ರಾತ್ಮದ ಗುರುತು ಎಂದಳು ಆಕೆ. ಇಂಗ್ಲಿಷ್ ಅನುಭಾವಿ ರಿಚರ್ಡ್ ರೋಲ್‌ನ ಹೆಸರಿನಲ್ಲಿದ್ದ ಬರಹಗಳನ್ನು ಸೋಸಿ 1927ರಲ್ಲಿ ಗ್ರಂಥ ತಂದಿದ್ದ ಆಲನ್, ಇಲ್ಲಿ ಯುರೋಪಿನ ಇತರ ಅನುಭಾವಿ ಸ್ತ್ರೀಯರ ಜೊತೆಗಿಟ್ಟು ಮಾರ್ಜರಿಯನ್ನು ಓದಿದರು. ಶ್ರದ್ಧೆಯನ್ನು ಅಳೆಯಲು ಅದೇ ನ್ಯಾಯವಾದ ದಾರಿ. ಅವರ ಟಿಪ್ಪಣಿಗಳೊಂದಿಗೆ ಕೃತಿ 1940ರಲ್ಲಿ ಪ್ರಕಟವಾಯಿತು.