ಇಂದಿನ ಧಮ್ಮ ಚಿಂತನೆ: ಮೊದಲ ಒಳ್ಳೆಯ ವಾಚು ಮತ್ತು ಗೃಹಸ್ಥನ ನಾಲ್ಕು ಸುಖಗಳು





ನಮ್ಮ ಅಧ್ಯಯನ ಬಳಗಕ್ಕೆ ಈ ವಾರ ಬಂದ ಪ್ರಶ್ನೆ ಇದು: "ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಬ್ಯಾಟರಿ ಇಲ್ಲದೆ ಸ್ಪ್ರಿಂಗಿನ ಬಲದಿಂದ ನಡೆಯುವ ಒಂದು ಒಳ್ಳೆಯ ಮೆಕ್ಯಾನಿಕಲ್ ವಾಚು ಕೊಳ್ಳುವ ಆಸೆ ಇದೆ. ಕೈಯಲ್ಲಿ ಹೆಚ್ಚು ಹಣ ಇಲ್ಲ. ಉಪಾಸಕನಿಗೆ ಇಂಥ ಆಸೆ ಸರಿಯೇ? ಸರಿ ಎಂದಾದರೆ ಹೇಗೆ ಆರಿಸಲಿ?"

ಇದಕ್ಕೆ ಕೂಡಲೇ ಎರಡು ಉತ್ತರ ಬಂದವು. "ಮೊಬೈಲಿನಲ್ಲೇ ಸಮಯ ಕಾಣುವಾಗ ಇದು ಬರೀ ತಣ್ಹಾ, ಬಿಟ್ಟುಬಿಡಿ" ಎಂದರು ಒಬ್ಬರು. "ನಿಮ್ಮ ದುಡ್ಡು, ನಿಮ್ಮ ಇಷ್ಟ, ಇದರಲ್ಲಿ ಕೇಳುವುದೇನಿದೆ?" ಎಂದರು ಇನ್ನೊಬ್ಬರು. ಮೊದಲ ಉತ್ತರ ವಸ್ತುವನ್ನು ದೂರುತ್ತದೆ. ಎರಡನೆಯದು ಕೊಳ್ಳುವವನ ಮನಸ್ಸನ್ನು ನೋಡುವುದೇ ಇಲ್ಲ. ಧಮ್ಮ ಹೇಳಿಕೊಡುವ ದಾರಿ ಇವೆರಡರ ನಡುವೆ ಇದೆ. ಇವತ್ತು ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲಿಗೆ ಒಂದು ಮಾತು. ನಮ್ಮ ಜನರ ಪಾಲಿಗೆ ಒಳ್ಳೆಯ ವಸ್ತು ಎಂಬುದು ಯಾವತ್ತೂ ಬರೀ ವಸ್ತುವಾಗಿರಲಿಲ್ಲ. 1936ರ "ಜಾತಿ ವಿನಾಶ"ದಲ್ಲಿ ಬಾಬಾಸಾಹೇಬರು ಇಂದೋರ್ ಜಿಲ್ಲೆಯ ಬಲಾಯಿ ಜನರ ಸಂಗತಿ ಹೇಳುತ್ತಾರೆ. 1928ರಲ್ಲಿ ಅಲ್ಲಿನ ಸವರ್ಣೀಯರು ಬಲಾಯಿಗಳಿಗೆ ನಿಯಮ ಹಾಕಿದರು: ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಧೋತಿ ಉಡಬಾರದು, ಹೆಂಗಸರು ಚಿನ್ನ ಬೆಳ್ಳಿ ತೊಡಬಾರದು. ಅದಕ್ಕೂ ಮುಂಚೆ, 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಜಾತಿಯ ಗುರುತು ಹೇಳುವ ಉಡುಗೆ ಒಡವೆಗಳನ್ನು ಬಿಡಿ, ಚೊಕ್ಕವಾಗಿ ಘನತೆಯಿಂದ ಉಡಿ ಎಂದು ಹೇಳಿದ್ದರು.

ಸಮಯದ ಕತೆಯೂ ಹಾಗೆಯೇ. ಜೀತಕ್ಕಿದ್ದವನಿಗೆ ವಾಚು ಬೇಕಿರಲಿಲ್ಲ, ಏಕೆಂದರೆ ಅವನ ಹೊತ್ತು ಅವನದಾಗಿರಲಿಲ್ಲ. ಧಣಿ ಬಿಟ್ಟಾಗಲೇ ಸಂಜೆ. ಜೀತಪದ್ಧತಿಯನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಕಾರ್ಖಾನೆಯ ದುಡಿಮೆಗೆ ಗಡಿಯಾರದ ಮಿತಿ ಹಾಕುವ ಕೆಲಸವನ್ನು ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಮಾಡಿದರು. 1946ರ ತಿದ್ದುಪಡಿಯಿಂದ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. ಆದ್ದರಿಂದ ನಮ್ಮ ಮನೆಯ ಹುಡುಗನೋ ಹುಡುಗಿಯೋ ಮೊದಲ ಸಂಬಳದಲ್ಲಿ ಒಂದು ವಾಚು ಕಟ್ಟಿಕೊಳ್ಳಬೇಕು ಎಂದರೆ, ಅದನ್ನು ಕೇಳಿ ನಗುವುದು ಬೇಡ.

"ಬುದ್ಧ ಮತ್ತು ಆತನ ಧಮ್ಮ"ದಲ್ಲೂ ಇದು ಸ್ಪಷ್ಟವಾಗಿದೆ. ತಥಾಗತರು ಬಡತನವನ್ನು ಪುಣ್ಯವೆಂದು ಹೊಗಳಲಿಲ್ಲ, ಬಡವರಿಗೆ ಹಾಗೆಯೇ ಇರಿ ಎನ್ನಲಿಲ್ಲ. ಸಂಪತ್ತು ಬರಲಿ, ಆದರೆ ಅದು ವಿನಯಕ್ಕೆ, ಅಂದರೆ ಶಿಸ್ತಿಗೆ ಒಳಪಟ್ಟಿರಲಿ ಎಂದರು.

ಆದರೆ ಇತಿಹಾಸದ ನೋವು ಈಗಿನ ಖರ್ಚಿಗೆಲ್ಲ ಪರವಾನಗಿ ಆಗುವುದಿಲ್ಲ. "ನಮ್ಮ ಹಿರಿಯರಿಗೆ ತೊಡಲು ಬಿಡಲಿಲ್ಲ, ಆದ್ದರಿಂದ ನಾನು ಸಾಲ ಮಾಡಿಯಾದರೂ ತೊಡುತ್ತೇನೆ" ಎಂದರೆ ಲಾಭವಾಗುವುದು ಸಾಲ ಕೊಟ್ಟವನಿಗೆ. ಹಾಗಾದರೆ ವಿನಯ ಎಂದರೆ ಇಲ್ಲಿ ಏನು? ಬುದ್ಧರು ಶ್ರಾವಸ್ತಿಯಲ್ಲಿ ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು. ಆ ನಾಲ್ಕನ್ನೂ ಒಂದೊಂದಾಗಿ ಈ ವಾಚಿಗೆ ಹಚ್ಚಿ ನೋಡೋಣ.

*1. ಅತ್ಥಿ ಸುಖ: ಇದೆ ಎಂಬ ಸುಖ*

ನನ್ನ ಬೆವರಿನಿಂದ, ನ್ಯಾಯವಾಗಿ ಸಂಪಾದಿಸಿದ್ದು ನನ್ನ ಬಳಿ ಇದೆ ಎಂಬ ಸಂತೋಷ ಇದು. ಇಲ್ಲಿ ಮೊದಲ ಪರೀಕ್ಷೆ ಹಣ ಎಲ್ಲಿಂದ ಬಂತು ಎಂಬುದು. ಒಂದು ಕಾಲದಲ್ಲಿ ವರನ ಕಡೆಯವರು ಕೊಡುವ ಪಟ್ಟಿಯಲ್ಲಿ ವಾಚು, ಉಂಗುರ, ಸೈಕಲ್ಲು ಇರುತ್ತಿದ್ದವು. ಹೆಣ್ಣಿನ ತಂದೆ ಹೊಲ ಅಡವಿಟ್ಟು ತಂದ ವಾಚನ್ನು ಅಳಿಯ ಮದುವೆಯ ಫೋಟೋದಲ್ಲಿ ತೋರಿಸಿಕೊಳ್ಳುತ್ತಿದ್ದ. ಅದು ಎಷ್ಟೇ ಒಳ್ಳೆಯ ಕಂಪನಿಯದಾದರೂ ಅದರಲ್ಲಿ ಅತ್ಥಿ ಸುಖ ಇಲ್ಲ. ನಿಮ್ಮ ಸಂಬಳದಿಂದ ಉಳಿಸಿ ಕೊಂಡ ಸಾಧಾರಣ ವಾಚಿನಲ್ಲಿ ಅದು ಪೂರ್ತಿ ಇದೆ.

*2. ಭೋಗ ಸುಖ: ಬಳಸುವ ಸುಖ*

ಕಪಾಟಿನಲ್ಲಿಟ್ಟು ಕಾಯುವುದಕ್ಕಲ್ಲ, ಬಳಸುವುದಕ್ಕೆ. ಆದ್ದರಿಂದ ದಿನವೂ ಕಟ್ಟಬಹುದಾದದ್ದನ್ನೇ ಆರಿಸಬೇಕು. ಇದಕ್ಕೆ ಕೆಲವು ಸಂಗತಿ ತಿಳಿದಿರಬೇಕು.

ಮೆಕ್ಯಾನಿಕಲ್ ವಾಚು ಕ್ವಾರ್ಟ್ಸ್ ವಾಚಿನಷ್ಟು ನಿಖರವಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳಿ. ಬ್ಯಾಟರಿ ವಾಚಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ, ತಿಂಗಳಿಗೆ ಕೆಲವೇ ಸೆಕೆಂಡು ತಪ್ಪುತ್ತದೆ. ಸ್ಪ್ರಿಂಗಿನ ವಾಚು ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 8 ಬಾರಿ ಮಿಡಿಯುತ್ತದೆ, ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಸೀಕೋ 5 ಸ್ಪೋರ್ಟ್ಸ್ ವಾಚುಗಳಲ್ಲಿರುವ 4ಆರ್36 ಯಂತ್ರಕ್ಕೆ ಕಂಪನಿಯೇ ಹೇಳುವ ಮಿತಿ ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ. ಕೇಳಲು ಹೆಚ್ಚು ಎನಿಸಬಹುದು. ಆದರೆ ದಿನಕ್ಕೆ 86,400 ಸೆಕೆಂಡುಗಳಿವೆ. 20 ಸೆಕೆಂಡು ತಪ್ಪಿದರೂ ನೂರಕ್ಕೆ 99.97ಕ್ಕಿಂತ ಹೆಚ್ಚು ಸರಿಯಾಗಿಯೇ ನಡೆದಂತಾಯಿತು. "ಅಗತ್ಯ ಇದೆ" ಎಂದು ನಿಮಗೆ ನೀವೇ ಸುಳ್ಳು ಹೇಳಿಕೊಂಡು ಮೆಕ್ಯಾನಿಕಲ್ ವಾಚು ಕೊಳ್ಳಬೇಡಿ. ಅದರ ಕೆಲಸಗಾರಿಕೆ ಇಷ್ಟ, ಎರಡು ತಲೆಮಾರು ರಿಪೇರಿ ಮಾಡಿಸಿ ಬಳಸಬಹುದು, ಆದ್ದರಿಂದ ಬೇಕು ಎಂದು ಹೇಳಿ. ಅದು ನಿಜ, ಅದರಲ್ಲಿ ತಪ್ಪೂ ಇಲ್ಲ.

ಎರಡು ಬಗೆ ಇವೆ. ದಿನವೂ ಕೈಯಿಂದ ಕೀ ಕೊಡುವುದು ಒಂದು. ಕೈ ಆಡಿಸಿದಂತೆ ತಾನೇ ಸುತ್ತಿಕೊಳ್ಳುವ ಆಟೋಮ್ಯಾಟಿಕ್ ಇನ್ನೊಂದು. ಕೈಯಿಂದ ಕೀ ಕೊಡುವುದು ತೆಳುವಾಗಿರುತ್ತದೆ, ಯಂತ್ರ ಸರಳ, ರಿಪೇರಿ ಸುಲಭ. ಆಟೋಮ್ಯಾಟಿಕ್‌ನಲ್ಲಿ ಮರೆತರೂ ನಡೆಯುವ ಅನುಕೂಲ ಇದೆ. ಮೇಲೆ ಹೇಳಿದ ಸೀಕೋ ಯಂತ್ರ ಪೂರ್ತಿ ಸುತ್ತಿದ್ದರೆ ಸುಮಾರು 41 ಗಂಟೆ ನಡೆಯುತ್ತದೆ.

ಗಾತ್ರಕ್ಕೆ ಜಾಹೀರಾತು ನೋಡಬೇಡಿ, ಮಣಿಕಟ್ಟು ನೋಡಿ. ಬೆಲ್ಟ್ ಸಿಕ್ಕಿಸುವ ಕಿವಿಗಳು ಮಣಿಕಟ್ಟಿನ ಆಚೆ ಈಚೆ ಚಾಚಬಾರದು. ನಮ್ಮಲ್ಲಿ ಅನೇಕರಿಗೆ 36ರಿಂದ 40 ಮಿ.ಮೀ. ಸಾಕು. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿದ್ದರೆ ಮಳೆಹನಿ, ಕೈ ತೊಳೆಯುವ ನೀರು ತಡೆಯುತ್ತದೆ ಎಂದಷ್ಟೇ ಅರ್ಥ, ಈಜಲು ಅಲ್ಲ. ಈಜುವವರು 100 ಮೀಟರ್ ಇರುವುದನ್ನು ನೋಡಿ. ಸ್ಪೀಕರು, ಅಯಸ್ಕಾಂತದ ಹತ್ತಿರ ಇಡಬೇಡಿ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗು ಕಾಂತತ್ವ ಹಿಡಿದರೆ ವಾಚು ಸಿಕ್ಕಾಪಟ್ಟೆ ಮುಂದೆ ಓಡುತ್ತದೆ.

*3. ಅನಣ ಸುಖ: ಸಾಲವಿಲ್ಲದ ಸುಖ*

ಇದು ಇವತ್ತಿನ ಕಾಲಕ್ಕೆ ಹೇಳಿದಂತಿದೆ. ಈಗ ಎಲ್ಲ ವಸ್ತುವೂ ಕಂತಿನಲ್ಲಿ ಸಿಗುತ್ತದೆ. ತಿಂಗಳಿಗೆ ಇಷ್ಟೇ ಎಂದು ತೋರಿಸಿ, ಒಟ್ಟು ಎಷ್ಟು ಎಂಬುದನ್ನು ಮರೆಸುತ್ತಾರೆ. ಮೊದಲ ವಾಚನ್ನು ಇಎಂಐನಲ್ಲಿ ಕೊಳ್ಳಬೇಡಿ. ಮನೆ, ಓದು, ಆಸ್ಪತ್ರೆಗೆ ಸಾಲ ಮಾಡಬೇಕಾದೀತು. ವಾಚಿಗೆ ಬೇಡ.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥನ ಗಳಿಕೆಯನ್ನು ನಾಲ್ಕು ಪಾಲು ಮಾಡುತ್ತಾರೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಆಪತ್ತಿಗೆಂದು ತೆಗೆದಿಡಲು. ವಾಚು ಬರಬೇಕಾದದ್ದು ಮೊದಲ ಪಾಲಿನಿಂದ ಮಾತ್ರ. ಮನೆಯ ಊಟ, ಬಟ್ಟೆ, ವಿಹಾರಕ್ಕೆ ಕೊಡುವ ದಾನ, ಕೇರಿಯ ಮಗುವಿನ ಶಾಲೆಯ ಶುಲ್ಕ ಎಲ್ಲ ಆದ ಮೇಲೆ ಅದರಲ್ಲಿ ತಿಂಗಳಿಗೆ 1,000 ರೂಪಾಯಿ ಉಳಿದರೆ, ವರ್ಷಕ್ಕೆ 12,000 ಆಗುತ್ತದೆ. ಅದೇ ನಿಮ್ಮ ಬಜೆಟ್ಟು. ತಂಗಿಯ ಕಾಲೇಜು ಶುಲ್ಕ ಬಾಕಿ ಇದ್ದರೆ ವಾಚು ಕಾಯಲಿ. ವಾಚಿಗೆ ಕಾಯುವುದರಿಂದ ತೊಂದರೆ ಏನೂ ಆಗುವುದಿಲ್ಲ. ಆ ಒಂದು ವರ್ಷದಲ್ಲಿ ಆಸೆ ತಾನಾಗಿ ಸತ್ತುಹೋದರೆ ಹಣ ಉಳಿಯಿತು. ಉಳಿದುಕೊಂಡರೆ ಅದು ನಿಜವಾದ ಇಷ್ಟ ಎಂದು ತಿಳಿಯಿತು.

ಇನ್ನೊಂದು ಲೆಕ್ಕ ಮರೆಯಬೇಡಿ. ಮೆಕ್ಯಾನಿಕಲ್ ವಾಚಿಗೆ ಸುಮಾರು ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಆ ಖರ್ಚನ್ನೂ ಸೇರಿಸಿಯೇ ಬಜೆಟ್ಟು ಮಾಡಿ. ಕೊಳ್ಳುವ ಮುಂಚೆ ನಿಮ್ಮ ಊರಿನಲ್ಲಿ ಅದನ್ನು ಬಿಚ್ಚಿ ಸರಿಮಾಡಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿ. ಹಳೆಯ ಪೇಟೆಯ ಮೂಲೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರ ಸಮ್ಯಕ್ ಆಜೀವಕ್ಕೆ ನಿಮ್ಮ ವಾಚಿನಿಂದ ಒಂದಿಷ್ಟು ನೆರವಾಗಲಿ.

*4. ಅನವಜ್ಜ ಸುಖ: ದೋಷವಿಲ್ಲದ ಸುಖ*

ಮೊದಲ ಮೂರೂ ಸೇರಿದರೂ ಇದರ ಹದಿನಾರನೇ ಒಂದು ಪಾಲಿಗೆ ಸಮವಲ್ಲ ಎಂದು ಬುದ್ಧರು ಅನಾಥಪಿಂಡಿಕನಿಗೆ ಹೇಳಿದರು. ಕಾಯಾ, ವಾಚಾ, ಮನಸಾ ಕಳಂಕವಿಲ್ಲದಿರುವುದು.

ಬೀದಿಯಲ್ಲೂ ಮೊಬೈಲಿನಲ್ಲೂ "ಫಸ್ಟ್ ಕಾಪಿ" ಎಂಬ ಹೆಸರಿನಲ್ಲಿ ದೊಡ್ಡ ಸ್ವಿಸ್ ಕಂಪನಿಗಳ ನಕಲಿ ವಾಚುಗಳು ಸಿಗುತ್ತವೆ. ಲಕ್ಷಗಟ್ಟಲೆಯ ಹೆಸರು, ಸಾವಿರದ ಬೆಲೆ. ನಾವು ದಿನವೂ ತೆಗೆದುಕೊಳ್ಳುವ ಪಂಚಶೀಲದಲ್ಲಿ ನಾಲ್ಕನೆಯದು ಮುಸಾವಾದದಿಂದ ದೂರ ಇರುವುದು. ಬಾಯಿಂದ ಹೇಳಿದರೆ ಮಾತ್ರ ಸುಳ್ಳೇ? ಮಣಿಕಟ್ಟಿನ ಮೇಲೆ ಬೆಳಗಿನಿಂದ ಸಂಜೆವರೆಗೆ ಕಟ್ಟಿಕೊಂಡು ತಿರುಗುವ ಸುಳ್ಳೂ ಸುಳ್ಳೇ. ಇನ್ನೂ ನೋವಿನ ಸಂಗತಿ ಎಂದರೆ, "ನಾನು ಇರುವಂತೆ ಸಾಲದು, ಬೇರೆಯವನಂತೆ ಕಾಣಬೇಕು" ಎಂಬ ಕೀಳರಿಮೆ ಅದರೊಳಗೆ ಕೂತಿರುತ್ತದೆ. ಬಾಬಾಸಾಹೇಬರು ನಮ್ಮಿಂದ ಕಿತ್ತುಹಾಕಬೇಕೆಂದದ್ದು ಅದನ್ನೇ. ಸ್ವಂತ ಹೆಸರಿನ ಅಗ್ಗದ ವಾಚು ಆ ನಕಲಿಗಿಂತ ಸಾವಿರ ಪಾಲು ಘನತೆಯದು.

ಹಳೆಯ ವಾಚು ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ನಮ್ಮ ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚಿನ ಕಾರ್ಖಾನೆ ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕೈಯಿಂದ ಕೀ ಕೊಡುವ, 17 ಜ್ಯುವೆಲ್‌ಗಳ "ಜನತಾ" ಹೆಸರಿಗೆ ತಕ್ಕಂತೆ ಜನಸಾಮಾನ್ಯರ ವಾಚಾಯಿತು. ಜ್ಯುವೆಲ್ ಎಂದರೆ ಆಭರಣವಲ್ಲ, ಚಕ್ರದ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಪುಟ್ಟ ಹರಳುಗಳು. ಸರ್ಕಾರಿ ಕೆಲಸಕ್ಕೆ ಸೇರಿದ ನಮ್ಮ ಮೊದಲ ತಲೆಮಾರಿನ ಅನೇಕರ ಕೈಯಲ್ಲಿ ಎಚ್‌ಎಂಟಿಯೇ ಇತ್ತು. ಆ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಹಳೆಯ ವಾಚುಗಳು ಈಗಲೂ ಕೈಬದಲಾಗುತ್ತಲೇ ಇವೆ.

ಆದರೆ ಕಣ್ಣು ಕುಕ್ಕುವ ಬಣ್ಣದ ಡಯಲ್ ಇರುವ ಎಷ್ಟೋ "ಹಳೆಯ ಎಚ್‌ಎಂಟಿ"ಗಳು ನಾಲ್ಕಾರು ವಾಚುಗಳ ಭಾಗ ಸೇರಿಸಿ, ಡಯಲಿಗೆ ಹೊಸ ಬಣ್ಣ ಬಳಿದು ಮಾಡಿದವು. ಹಾಗೆ ಮಾಡಿರುವುದು ತಪ್ಪಲ್ಲ, ಅದನ್ನು ಮುಚ್ಚಿಟ್ಟು ಮಾರುವುದು ತಪ್ಪು. "ಡಯಲ್ ಮೂಲದ್ದೇ? ಒಳಗಿನ ಯಂತ್ರದ ಫೋಟೋ ತೋರಿಸಿ. ಕೊನೆಯ ಸರ್ವಿಸ್ ಯಾವಾಗ?" ಎಂದು ಕೇಳಿ. ಉತ್ತರ ತೇಲಿಸಿದರೆ ಬಿಟ್ಟುಬಿಡಿ. ಮುಂದೆ ನೀವು ಮಾರುವಾಗಲೂ ಇದನ್ನೇ ಪಾಲಿಸಿ. ಎಲ್ಲಕ್ಕಿಂತ ಮೊದಲು ಮನೆಯ ಪೆಟ್ಟಿಗೆ ತೆಗೆದು ನೋಡಿ. ನಿಂತುಹೋದ ಅಜ್ಜನ ವಾಚೊಂದು ಅಲ್ಲಿದ್ದರೆ, ಅದನ್ನು ಸರಿಮಾಡಿಸುವುದೇ ನಿಮ್ಮ ಅತ್ಯುತ್ತಮ ಆಯ್ಕೆ ಆಗಬಹುದು.

ಬಂಧುಗಳೇ, ಈಗ ತಣ್ಹಾ ಬಗ್ಗೆ ಕೇಳಿದವರಿಗೆ ಉತ್ತರ. ವಾಚು ಬೇಕೆನಿಸಿತು ಎಂಬ ಮಾತ್ರಕ್ಕೆ ಅದನ್ನು ತಣ್ಹಾ ಎನ್ನಲಾಗದು. ಕೊಂಡ ಮೇಲೆ ಏನಾಗುತ್ತದೆ ನೋಡಿ. ಕೈಗೆ ಬಂದು ತಿಂಗಳಾಗುವ ಮೊದಲೇ ಕಣ್ಣು ಮುಂದಿನ ವಾಚಿನ ಮೇಲೆ ಹೋಯಿತೇ? ಗೆಳೆಯನ ಮಣಿಕಟ್ಟು ನೋಡಿ ನಿಮ್ಮದು ಚಿಕ್ಕದೆನಿಸಿತೇ? ಯಾರಾದರೂ ಗಮನಿಸಲಿ ಎಂದು ತೋಳು ಮಡಚುತ್ತಿದ್ದೀರೇ? ಅದು ತಣ್ಹಾ. ಅದರ ಜೊತೆ ಜಗಳ ಬೇಡ. ಬಂದಿದೆ ಎಂದು ಗುರುತಿಸಿ, ಸಾಕು. ಗುರುತಿಸುವುದೇ ಸತಿ. ಡಯಲ್ ಇರುವುದು ಕಟ್ಟಿಕೊಂಡವರ ಕಣ್ಣಿಗೆ, ಎದುರಿಗೆ ಕೂತವರ ಕಣ್ಣಿಗಲ್ಲ.

ಹೀಗೆ ನೋಡಿದರೆ ಪ್ರಶ್ನೆ ಕೇಳಿದ ತರುಣನಿಗೆ ನಮ್ಮ ಉತ್ತರ ಇಷ್ಟು. ಕೊಳ್ಳಿ. ಸ್ವಂತ ದುಡಿಮೆಯಿಂದ ಕೊಳ್ಳಿ, ಸಾಲವಿಲ್ಲದೆ ಕೊಳ್ಳಿ, ಸುಳ್ಳಿಲ್ಲದ್ದನ್ನು ಕೊಳ್ಳಿ, ದಿನವೂ ಕಟ್ಟಿ. ಈ ನಾಲ್ಕರಲ್ಲಿ ಒಂದು ಕೂಡಿಬರದಿದ್ದರೆ ಕೂಡಿಬರುವವರೆಗೆ ಕಾಯಿರಿ. ಯಾವ ಕಂಪನಿ ಎಂಬುದು ಆಮೇಲಿನ ಮಾತು.

*ಇಂದಿನ ಅಭ್ಯಾಸ:* ಈಚೆಗೆ ಕೊಂಡ ಯಾವುದಾದರೂ ಒಂದು ವಸ್ತುವನ್ನು ಎದುರಿಗಿಟ್ಟುಕೊಳ್ಳಿ. ವಾಚೇ ಆಗಬೇಕಿಲ್ಲ, ಮೊಬೈಲ್, ಸೀರೆ, ಬೈಕು ಯಾವುದಾದರೂ ಸರಿ. ನಾಲ್ಕು ಸುಖಗಳಲ್ಲಿ ಎಷ್ಟು ಅದರಲ್ಲಿವೆ ಎಂದು ಐದು ನಿಮಿಷ ಯೋಚಿಸಿ. ಮನೆಯ ಮಕ್ಕಳ ಜೊತೆಗೂ ಮಾತಾಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🪷